ಹೆಸರು ಕವಿಯದು, ನೆಲ ಯಾರದು?

ಪಶ್ಚಿಮ ಬಂಗಾಳದ ಆಸನ್ಸೋಲ್–ದುರ್ಗಾಪುರ ಕಲ್ಲಿದ್ದಲು, ಉಕ್ಕಿನ ಸೀಮೆ. ಅಲ್ಲಿನ ಅಂಡಾಲಿನಲ್ಲಿ ವಿಮಾನ ನಿಲ್ದಾಣವನ್ನು ನಡುವಿಟ್ಟು ಉಪನಗರ ಕಟ್ಟುವ ಯೋಜನೆ ರೂಪುಗೊಂಡಿತು. 2013ರಲ್ಲಿ ಉದ್ಘಾಟನೆಯಾದ ನಿಲ್ದಾಣಕ್ಕೆ ಕವಿ ಕಾಝಿ ನಝ್ರುಲ್ ಇಸ್ಲಾಮರ ಹೆಸರಿಟ್ಟರು. 1899ರಲ್ಲಿ ಅವರು ಹುಟ್ಟಿದ ಚುರುಲಿಯಾ ಅದೇ ಸೀಮೆಯಲ್ಲಿದೆ. ಬಡತನದಿಂದಾಗಿ ಹುಡುಗನಾಗಿದ್ದಾಗಲೇ ಆಸನ್ಸೋಲಿನ ರೊಟ್ಟಿ ಅಂಗಡಿಯಲ್ಲಿ ದುಡಿದವರು ಅವರು.

ಜಮೀನಿಗೆ ಪರಿಹಾರ ಕೊಟ್ಟರೆ ನ್ಯಾಯ ಸಂದಿತೆಂದು ನಾವು ಭಾವಿಸುತ್ತೇವೆ. ಆದರೆ ಪರಿಹಾರ ಹುಡುಕುವುದು ದಾಖಲೆಯಲ್ಲಿರುವ ಹೆಸರನ್ನು. ಪರರ ಗದ್ದೆಯನ್ನು ಬಾಯಿಮಾತಿನ ಮೇಲೆ ಪಾಲಿಗೆ ಉಳುವವನ, ನಾಟಿ ಕೂಲಿಗೆ ಹೋಗುವವಳ ಹೆಸರು ಅಲ್ಲಿರುವುದಿಲ್ಲ. ಭೂಮಾಲಿಕನಿಗೆ ಹೋಗುವುದು ಆಸ್ತಿ. ಇವರಿಗೆ ಹೋಗುವುದು ಅನ್ನ.

ನಾಡಿಗೆ ಉದ್ಯೋಗ ಬೇಕು, ವಿಮಾನವೂ ಬೇಕು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾಗದದಲ್ಲಿ ಇಲ್ಲದವನಿಗೆ ಹಕ್ಕೂ ಇಲ್ಲವೇ? ಈ ಪ್ರಶ್ನೆಗೆ ಉತ್ತರಿಸದೆ, ಬಡವರ ಪರ ಹಾಡಿದ ಕವಿಯನ್ನು ಬರೀ ಫಲಕದಿಂದ ಗೌರವಿಸಲಾದೀತೇ?