ರೋಗಿಯಾದ ಲೇಖಕನ ಗೃಹಧರ್ಮ

ಕಳೆದ ತಿಂಗಳು ನಮ್ಮ ಸಂಘದ ಕವಿಗೋಷ್ಠಿಯು ಮುಗಿದ ಬಳಿಕ ತರುಣಮಿತ್ರರೊಬ್ಬರು ನನ್ನನ್ನು ಬದಿಗೆ ಕರೆದು ಒಂದು ಪ್ರಶ್ನೆಯನ್ನು ಕೇಳಿದರು. ಅವರದು ಉಪಾಧ್ಯಾಯವೃತ್ತಿ, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ಕೀಲುಗಳನ್ನು ಹಿಡಿದ ಆಮವಾತವು ಕೆಲವು ವರ್ಷಗಳಿಂದ ಅವರನ್ನು ಬಿಟ್ಟಿಲ್ಲ. “ಮೇಷ್ಟ್ರೇ, ದಿನವೊಂದಕ್ಕೆ ನನಗೆ ದೊರೆಯುವ ಶಕ್ತಿ ಇಷ್ಟೇ ಎಂದು ಗೊತ್ತಾಗಿಹೋಗಿದೆ. ಶಾಲೆಗೆ ಕೊಟ್ಟು ಉಳಿದುದನ್ನು ಮಕ್ಕಳಿಗೆ ಕೊಡಲೇ, ಕವಿತೆಗೆ ಕೊಡಲೇ? ಕವಿತೆಗೆ ಕೊಟ್ಟ ದಿನ ಮನೆಯಲ್ಲಿ ಕಳ್ಳತನ ಮಾಡಿದ ಹಾಗಾಗುತ್ತದೆ, ಕೊಡದ ದಿನ ಬದುಕಿದ್ದೇ ಸುಳ್ಳೆನ್ನಿಸುತ್ತದೆ” ಎಂದರು. ನಾನು ಆಗ ಏನನ್ನೂ ಹೇಳಲಿಲ್ಲ. ಉತ್ತರವು ತಿಳಿಯದೆ ಸುಮ್ಮನಾದೆನೆಂದಲ್ಲ. ಆ ಉತ್ತರಕ್ಕೆ ನನ್ನ ಮನೆಯಲ್ಲಿ ತೆತ್ತ ಬೆಲೆಯು ನೆನಪಾಗಿ ಸುಮ್ಮನಾದೆನು. ಅಂದು ಹೇಳದಿದ್ದುದನ್ನು ಇಂದು ಈ ಪತ್ರಿಕೆಯ ವಾಚಕರ ಮುಂದೆ ಇಡುತ್ತೇನೆ.

ಮೊದಲು ವಿಷಯವನ್ನು ಗೊತ್ತುಮಾಡಿಕೊಳ್ಳೋಣ. ಎಲ್ಲ ರೋಗಗಳೂ ಈ ಪ್ರಶ್ನೆಯನ್ನು ಹುಟ್ಟಿಸತಕ್ಕವಲ್ಲ. ನಾಲ್ಕು ದಿನದ ಜ್ವರವು ಬಂದರೆ ಲೇಖನಿಯನ್ನು ಕೆಳಗಿಟ್ಟು ಮಲಗಬಹುದು. ಜ್ವರವಿಳಿದ ಮೇಲೆ ಮತ್ತೆ ಎತ್ತಿಕೊಳ್ಳಬಹುದು. ಚರಕಸಂಹಿತೆಯು ರೋಗಗಳನ್ನು ಸುಲಭವಾಗಿ ಗುಣವಾಗುವುವು, ಕಷ್ಟದಿಂದ ಗುಣವಾಗುವುವು, ಯಾಪ್ಯವಾದುವು, ಚಿಕಿತ್ಸೆಗೆ ಒಳಗಾಗದುವು ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಯಾಪ್ಯವೆಂದರೆ ಹೋಗಲೂ ಹೋಗದೆ, ಕೊಲ್ಲಲೂ ಕೊಲ್ಲದೆ, ಪಥ್ಯ ಔಷಧಗಳ ಬಲದಿಂದ ದಿನದಿನವೂ ನೂಕಿಕೊಂಡು ನಡೆಯಬೇಕಾದ ವ್ಯಾಧಿ. ಕಾಲಯಾಪನೆ ಎಂಬಲ್ಲಿರುವ ಯಾಪನವೇ ಇದು. ಉಬ್ಬಸ, ಮಧುಮೇಹ, ಆಮವಾತ ಮೊದಲಾದುವನ್ನು ಇಂದಿನ ವೈದ್ಯರೂ ಹತೋಟಿಯಲ್ಲಿಡುವ ಮಾತನ್ನಾಡುವರೇ ಹೊರತು ಬೇರುಸಹಿತ ಕಿತ್ತೊಗೆಯುವ ಮಾತನ್ನು ಸಾಮಾನ್ಯವಾಗಿ ಆಡುವುದಿಲ್ಲ. ಇಂತಹ ರೋಗಿಯನ್ನು ಸುಶ್ರುತಾಚಾರ್ಯನು ಬೀಳಲಿರುವ ಮನೆಗೆ ಹೋಲಿಸಿದ್ದಾನೆ. ಚೆನ್ನಾಗಿ ಕೊಟ್ಟ ಊರೆಗಂಬವು ಮನೆಯನ್ನು ಎತ್ತಿಹಿಡಿಯುವಂತೆ ತಕ್ಕ ಚಿಕಿತ್ಸೆಯು ರೋಗಿಯನ್ನು ಹಿಡಿದು ನಿಲ್ಲಿಸುವುದೆಂದು ಅವನ ಅಭಿಪ್ರಾಯ. ಉಪಮೆಯು ಉಚಿತವಾಗಿಯೇ ಇದೆ. ಆದರೆ ವೈದ್ಯನು ತಿಂಗಳಿಗೊಮ್ಮೆ ಕಾಣುವವನು. ಹಗಲಿರುಳೂ ನಿಂತಿರುವ ಕಂಬವು ಬೇರೆ. ಆ ಕಂಬಕ್ಕೂ ಗೆದ್ದಲು ಹತ್ತಬಹುದೆಂಬುದನ್ನು ಮನೆಯೊಳಗೆ ಬೆಚ್ಚಗೆ ಕುಳಿತವನು ಮರೆಯುವುದು ಸಹಜ.

ಈ ವಿಚಾರದಲ್ಲಿ ಎರಡು ಪೂರ್ವಪಕ್ಷಗಳು ಕೇಳಬರುತ್ತವೆ. ಒಂದು ಲೌಕಿಕರದು: “ಆರೋಗ್ಯವಿಲ್ಲದವನಿಗೆ ಕಾವ್ಯವೇಕೆ? ಇರುವಷ್ಟು ಶಕ್ತಿಯನ್ನು ಹೆಂಡತಿಮಕ್ಕಳಿಗಾಗಿ ಕಾದಿಟ್ಟುಕೊಳ್ಳಲಿ” ಎಂಬುದು. ಇನ್ನೊಂದು ರಸಿಕರದು: “ಕವಿಯು ಲೋಕಕ್ಕೆ ಸೇರಿದವನು, ವ್ಯಾಧಿಯೇ ಅವನಿಗೆ ತಪಸ್ಸು, ಸಂಸಾರವು ಹೇಗೋ ಸಾಗುತ್ತದೆ” ಎಂಬುದು. ಮೊದಲನೆಯದು ಮನುಷ್ಯನನ್ನು ಬರಿಯ ರೋಗಿಯನ್ನಾಗಿ ಮಾಡುತ್ತದೆ. ಎರಡನೆಯದು ಮನೆಯವರನ್ನು ಬರಿಯ ಸೌದೆಯನ್ನಾಗಿ ಮಾಡುತ್ತದೆ. ಎರಡಕ್ಕೂ ನಿದರ್ಶನಗಳನ್ನು ನೋಡಿಯೇ ಸಮಾಧಾನವನ್ನು ಹೇಳಬೇಕು.

ಕೇರಳದ ಮೇಲ್ಪುತ್ತೂರು ನಾರಾಯಣ ಭಟ್ಟತಿರಿಗಳು ವಾತರೋಗದಿಂದ ಪೀಡಿತರಾಗಿ ಗುರುವಾಯೂರಿನ ಸನ್ನಿಧಿಯಲ್ಲಿ ಕುಳಿತು ದಿನಕ್ಕೊಂದು ದಶಕದಂತೆ ನೂರು ದಿನಗಳಲ್ಲಿ ನಾರಾಯಣೀಯವನ್ನು ರಚಿಸಿದರೆಂಬ ಐತಿಹ್ಯವನ್ನು ಸಂಸ್ಕೃತವನ್ನು ಓದಿದವರೆಲ್ಲರೂ ಬಲ್ಲರು. ಅದು ಮುಗಿದದ್ದು ೧೫೮೬ರಲ್ಲಿ. ಕೊನೆಯ ಶ್ಲೋಕದ ಕೊನೆಯ ಪದವು ಆಯುಸ್ಸನ್ನೂ ಆರೋಗ್ಯವನ್ನೂ ಸೌಖ್ಯವನ್ನೂ ಬೇಡುತ್ತದೆ. ಕಟಪಯಾದಿ ಕ್ರಮದಿಂದ ಎಣಿಸಿದರೆ ಕಲಿಯುಗದ ದಿನಸಂಖ್ಯೆಯಾದ ೧೭೧೨೨೧೦ ಎಂಬುದನ್ನೂ ಕೊಡುತ್ತದೆ. ಇದರಿಂದ ಎರಡು ಸಂಗತಿಗಳನ್ನು ತಿಳಿಯಬಹುದು. ರೋಗಿಯಾದ ಕವಿಯು ಕೆಲಸಕ್ಕೆ ಅಳತೆಯನ್ನು ಇಟ್ಟುಕೊಂಡನು. ಅಂದಿನ ಬಲವು ಎಷ್ಟಿದೆಯೋ ಅಷ್ಟನ್ನೇ ಬರೆದನು. ಮತ್ತು ಅವನು ರೋಗವನ್ನು ಕವಿತ್ವದ ತಾಯಿಯೆಂದು ಹಾಡಿ ಹೊಗಳದೆ, ಅದು ತೊಲಗಲೆಂದು ನೇರವಾಗಿ ಬೇಡಿಕೊಂಡನು. ಆದರೆ ಆ ನೂರು ದಿನಗಳಲ್ಲಿ ಅವರ ಮನೆಯ ಒಲೆಯನ್ನು ಯಾರು ಉರಿಸಿದರು, ಕೈಕಾಲುಗಳಿಗೆ ತೈಲವನ್ನು ಯಾರು ತಿಕ್ಕಿದರು ಎಂಬುದನ್ನು ಐತಿಹ್ಯವು ಹೇಳುವುದಿಲ್ಲ. ಇಂತಹ ಕಥೆಗಳು ಸಾಮಾನ್ಯವಾಗಿ ಅದನ್ನು ಹೇಳುವುದೇ ಇಲ್ಲ.

ನಮ್ಮ ನಾಡಿನ ಮುದ್ದಣನ ಕಥೆಯು ಇನ್ನೂ ಹತ್ತಿರದ್ದು. ೧೮೭೦ರಲ್ಲಿ ಕಾರ್ಕಳದ ಸಮೀಪದ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ಹುಡುಗರಿಗೆ ವ್ಯಾಯಾಮವನ್ನು ಕಲಿಸುವ ಡ್ರಿಲ್ ಮಾಸ್ತರನಾಗಿದ್ದನು. ಪರರ ಮಕ್ಕಳ ಎದೆಯನ್ನು ಗಟ್ಟಿಮಾಡುವುದೇ ವೃತ್ತಿಯಾದವನ ಎದೆಯನ್ನು ಕ್ಷಯವು ತಿಂದಿತು. ಬಡತನ, ಚಾಕರಿ, ಸಂಸಾರ, ಇವುಗಳ ನಡುವೆ ಅವನು ಅದ್ಭುತರಾಮಾಯಣವನ್ನೂ ಶ್ರೀರಾಮಪಟ್ಟಾಭಿಷೇಕವನ್ನೂ ಶ್ರೀರಾಮಾಶ್ವಮೇಧವನ್ನೂ ಬರೆದನು. ತನ್ನ ಹೆಸರನ್ನು ಮರೆಮಾಡಿ, ಹಳೆಯ ಗ್ರಂಥಗಳೆಂಬಂತೆ ಮೈಸೂರಿಗೆ ಅಚ್ಚಿಗಾಗಿ ಕಳುಹಿಸಿದನು. ೧೯೦೧ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಪತ್ನಿಯನ್ನೂ ಎಳೆಯ ಮಗನನ್ನೂ ಬಿಟ್ಟು ತೀರಿಕೊಂಡನು. ಕ್ಷಯದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯನು ೧೮೮೨ರಲ್ಲಿಯೇ ತೋರಿಸಿಕೊಟ್ಟಿದ್ದನು. ಆದರೆ ಅದನ್ನು ಎದುರಿಸಬಲ್ಲ ಸ್ಟ್ರೆಪ್ಟೊಮೈಸಿನ್ ಔಷಧವು ದೊರೆತದ್ದು ೧೯೪೩ರಲ್ಲಿ. ಮುದ್ದಣನ ಪಾಲಿಗೆ ಆ ರೋಗವು ಯಾಪ್ಯವೂ ಆಗಲಿಲ್ಲ.

ರಾಮಾಶ್ವಮೇಧವನ್ನು ಓದಿದವರಿಗೆ ಮನೋರಮೆಯನ್ನು ಪರಿಚಯಮಾಡಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಮನೆಯೊಳಗೆ ಕುಳಿತು ಕಥೆಯನ್ನು ಹೇಳೆಂದು ಗಂಡನನ್ನು ಪೀಡಿಸುವವಳು, ನಡುನಡುವೆ ತಡೆದು ಕೇಳುವವಳು, ಅರ್ಥವಾಗದ ಸಂಸ್ಕೃತವನ್ನು ನಿಷ್ಠುರವಾಗಿ ಬೇಡವೆನ್ನುವವಳು. ಗಂಡಹೆಂಡಿರ ಆ ಸರಸಸಂವಾದದಲ್ಲಿ ಕ್ಷಯದ ಸುಳಿವೂ ಇಲ್ಲ. ವ್ಯಾಧಿಯೇ ಕಾವ್ಯವನ್ನು ಬರೆಯಿಸುವುದೆಂಬ ರಸಿಕರಿಗೆ ಇದೇ ಸಾಕಾದ ಉತ್ತರ. ಅಲ್ಲಿ ಕಾವ್ಯವನ್ನು ಬರೆಯಿಸಿದ್ದು ರೋಗವಲ್ಲ, ಎದುರಿಗೆ ಕುಳಿತು ಕೇಳುವ ಒಂದು ಜೀವ. ನಾನು ಮೂವತ್ತು ವರ್ಷ ಈ ಪ್ರಸಂಗವನ್ನು ಹುಡುಗರಿಗೆ ಪಾಠಹೇಳಿದವನು. ಕೇಳುವುದರ ಮಹಿಮೆಯನ್ನು ಕೊಂಡಾಡಿದವನು. ಇನ್ನು ನನ್ನ ಕಥೆಯನ್ನು ಹೇಳುತ್ತೇನೆ.

ನನಗೆ ಉಬ್ಬಸವು ಹತ್ತಿಕೊಂಡು ಇಪ್ಪತ್ತೆಂಟು ವರ್ಷಗಳಾದುವು. ಉಸಿರಿನೊಡನೆ ಸೇದುವ ಔಷಧಿಯಿಂದ ಬಹಳ ಮಟ್ಟಿಗೆ ನಡೆಯುತ್ತದೆಯಾದರೂ ಮಾಗಿಯ ರಾತ್ರಿಗಳು ಕಷ್ಟವೇ. ನಿವೃತ್ತನಾದ ವರ್ಷ, ನಮ್ಮ ಸೀಮೆಯ ಕೆರೆಯೊಂದರ ಕಥೆಯನ್ನು ವಾರ್ಧಕಷಟ್ಪದಿಯಲ್ಲಿ ಬರೆಯಬೇಕೆಂದು ತೊಡಗಿದೆನು. ಹಗಲು ಬರೆದರೆ ಮನೆಗೆಲಸವನ್ನು ತಪ್ಪಿಸಿಕೊಂಡಂತಾಗುವುದೆಂದು ರಾತ್ರಿಯನ್ನು ಆರಿಸಿಕೊಂಡೆನು. ಇದನ್ನು ನಾನು ದೊಡ್ಡ ತ್ಯಾಗವೆಂದು ತಿಳಿದಿದ್ದೆನು. ಕೆಮ್ಮು ಬಂದರೆ ವಸ್ತ್ರವನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದೆನು. ಗೋಡೆಯಾಚೆ ಮಲಗಿದ ನನ್ನ ಗೃಹಿಣಿಯು ಆ ಒತ್ತಿದ ಕೆಮ್ಮನ್ನು ಎಣಿಸುತ್ತ ಎಚ್ಚರವಾಗಿಯೇ ಇರುತ್ತಿದ್ದಳೆಂಬುದು ನನಗೆ ತಿಳಿಯದು. ಬೆಳಗ್ಗೆ ನನ್ನ ಒರಟುಪ್ರತಿಯನ್ನು ದುಂಡಾದ ಅಕ್ಷರಗಳಿಂದ ಶುದ್ಧಪ್ರತಿಮಾಡಿ ಇಡುವವಳೂ ಅವಳೇ.

ಕೆಲವು ತಿಂಗಳಾದ ಮೇಲೆ ಆ ಪ್ರತಿಯಲ್ಲಿ ತಪ್ಪುಗಳು ಕಾಣಿಸತೊಡಗಿದುವು. ಸಾಲಿನ ಕೊನೆಯ ಅಕ್ಷರಗಳು ಬಿಟ್ಟುಹೋಗುವುವು. ೨೦ ಮಾತ್ರೆಯ ಪಾದವು ೧೫ಕ್ಕೆ ನಿಲ್ಲುವುದು. ಒಮ್ಮೆ ಒಂದು ಪಾದವೇ ಹಾರಿಹೋಗಿತ್ತು. “ಮನಸ್ಸನ್ನು ಎಲ್ಲಿಟ್ಟು ಬರೆಯುತ್ತೀ? ನಾನು ಉಸಿರು ಕಟ್ಟಿಕೊಂಡು ಬರೆದದ್ದು ಹೀಗೆ ಕೆಡಿಸುವುದಕ್ಕೇನು?” ಎಂದು ಗದರಿಸಿದೆನು. ಅವಳು ಕಾಗದವನ್ನು ತೆಗೆದುಕೊಂಡು ಮತ್ತೆ ಬರೆದಳು, ಮತ್ತೆ ತಪ್ಪಿತು. ಹಬ್ಬಕ್ಕೆಂದು ಬಂದ ನಮ್ಮ ಮಗನು, ತಾಯಿಯು ಹೊಸ್ತಿಲಲ್ಲಿ ಪಕ್ಕಕ್ಕಿದ್ದ ತಂಬಿಗೆಯನ್ನು ಕಾಣದೆ ಎಡವಿದುದನ್ನು ನೋಡಿ, ಅವಳನ್ನು ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋದನು. ಗ್ಲಾಕೋಮಾ ಎಂಬ ವ್ಯಾಧಿ. ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿಯ ನರವು ಸದ್ದಿಲ್ಲದೆ ಕೆಡುತ್ತ ಬಂದು, ಬದಿಯ ನೋಟವು ಮೊದಲು ಹೋಗಿತ್ತು. ಹೋದ ದೃಷ್ಟಿಯು ಮರಳಿ ಬಾರದು. ಉಳಿದುದನ್ನು ಹನಿ ಔಷಧಿಯಿಂದ ಕಾಪಾಡಿಕೊಳ್ಳಬಹುದು, ಅಷ್ಟೇ. ಅಂದರೆ ಅದೂ ಯಾಪ್ಯವೇ.

“ಇಷ್ಟು ದಿನ ಏಕೆ ಹೇಳಲಿಲ್ಲ?” ಎಂದು ಕೇಳಿದೆನು. ಅವಳು ಸಿಟ್ಟಿನಿಂದಲೂ ಹೇಳಲಿಲ್ಲ, ದುಃಖದಿಂದಲೂ ಹೇಳಲಿಲ್ಲ. “ಮನೆಯಲ್ಲಿ ಒಬ್ಬರು ಉಸಿರಿಗೆ ಕಷ್ಟಪಡುತ್ತಿರುವಾಗ ನನ್ನ ಕಣ್ಣು ಮಂಜು ಎಂದರೆ ಕೇಳುವವರು ಯಾರು? ನೀವು ಬರೆಯುವುದನ್ನು ಬಿಟ್ಟುಬಿಡುತ್ತಿದ್ದಿರಿ, ಇಲ್ಲವೆ ಬರೆಯುತ್ತ ನೊಂದುಕೊಳ್ಳುತ್ತಿದ್ದಿರಿ” ಎಂದಳು.

ಆ ರಾತ್ರಿ ನನಗೆ ಎರಡು ಹಳೆಯ ಮಾತುಗಳು ನೆನಪಿಗೆ ಬಂದುವು. ಚರಕನು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ರೋಗಿಯ ಗುಣಗಳಲ್ಲಿ ಜ್ಞಾಪಕತ್ವವನ್ನೂ ಎಣಿಸಿದ್ದಾನೆ. ಎಂದರೆ ತನ್ನ ಬಾಧೆಯನ್ನು ಮರೆಮಾಚದೆ ತಿಳಿಸಬಲ್ಲವನಾಗಿರಬೇಕು. ಕೆರೆಯ ನೀರಿನ ಬಣ್ಣವನ್ನು ಆರು ಪಾದಗಳಲ್ಲಿ ವರ್ಣಿಸಬಲ್ಲ ನಾನು ನನ್ನ ಕೆಮ್ಮನ್ನು ಬಟ್ಟೆಯಲ್ಲಿ ಮುಚ್ಚಿಟ್ಟಿದ್ದೆನು; ನನ್ನಿಂದ ಕಲಿತವಳಂತೆ ಅವಳೂ ಕಣ್ಣನ್ನು ಮುಚ್ಚಿಟ್ಟಳು. ಎರಡನೆಯದು ಶುಶ್ರೂಷೆ ಎಂಬ ಪದ. ರೋಗಿಯ ಉಪಚಾರವೆಂದು ನಾವು ಅದನ್ನು ಬಳಸುತ್ತೇವೆ. ಪಾಠಶಾಲೆಯಲ್ಲಿ ಸನ್ನಂತಪ್ರಕರಣವನ್ನು ಓದಿದ ಹುಡುಗನೂ ಅದರ ಮೊದಲ ಅರ್ಥವನ್ನು ಬಲ್ಲನು: ಕೇಳಬೇಕೆಂಬ ಇಚ್ಛೆ. ಮನೋರಮೆಯು ಕಥೆಯನ್ನು ಕೇಳಬಯಸಿದ್ದೂ ಶುಶ್ರೂಷೆ. ನನ್ನಾಕೆಯು ಗೋಡೆಯಾಚೆ ಕೆಮ್ಮನ್ನು ಕೇಳುತ್ತ ಎಚ್ಚರವಿದ್ದುದೂ ಶುಶ್ರೂಷೆ. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಅವಳು ನನಗೆ ಈ ಎರಡು ಶುಶ್ರೂಷೆಗಳನ್ನೂ ಮಾಡಿದಳು. ನಾನು ಅವಳಿಗೆ ಯಾವುದನ್ನೂ ಮಾಡಲಿಲ್ಲ. ಕೇಳುವವರು ಯಾರು ಎಂದು ಅವಳು ಅಂದದ್ದು ಅಕ್ಷರಶಃ ಸತ್ಯ.

ಆದುದರಿಂದ ನನ್ನ ಸಿದ್ಧಾಂತವಿದು. ರೋಗಿಯಾದ ಗೃಹಸ್ಥನು ಬರೆಯುವುದು ಕಳ್ಳತನವಲ್ಲ. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳೊಡನೆ ಮನುಷ್ಯನು ಹುಟ್ಟುತ್ತಾನೆಂದು ಶ್ರುತಿಯು ಹೇಳುವುದಷ್ಟೆ. ಬಲ್ಲ ವಿದ್ಯೆಯನ್ನು ಮುಂದಿನವರಿಗೆ ಮುಟ್ಟಿಸುವ ಋಷಿಋಣವು ದೇಹದ ಅನಾರೋಗ್ಯದಿಂದ ಮನ್ನಾ ಆಗುವುದಿಲ್ಲ. ಅಲ್ಲದೆ ರೋಗವನ್ನು ಬಿಟ್ಟು ಬೇರೊಂದು ಮಾತಿರುವ ರೋಗಿಯು ಮನೆಗೆ ಎಷ್ಟೋ ಹಗುರವಾಗುವನು. ಹಗಲೆಲ್ಲ ತನ್ನ ಹೊಟ್ಟೆ, ತನ್ನ ನಿದ್ರೆ, ತನ್ನ ಮಾತ್ರೆಗಳ ವಿಷಯವನ್ನೇ ಆಡುವವನು ಬರೆಯದಿದ್ದರೂ ಭಾರವೇ. ಆದರೆ ಯಾಪ್ಯರೋಗಿಗೆ ನಾಲ್ಕನೆಯ ಋಣವೊಂದಿದೆ, ಅದು ಶುಶ್ರೂಷಾಋಣ. ಅವನು ಬರೆಯುವ ಗಳಿಗೆಯು ಮತ್ತೊಬ್ಬರ ನಿದ್ರೆಯಿಂದಲೋ ದುಡಿಮೆಯಿಂದಲೋ ಕಡ ತಂದದ್ದು. ಕಡ ತರುವುದು ಪಾಪವಲ್ಲ. ತಂದುದನ್ನು ಒಪ್ಪದಿರುವುದು, ತೀರಿಸದಿರುವುದು ಪಾಪ. ತೀರಿಸುವ ಬಗೆಯೂ ಕೇಳುವುದೇ. ಮನೆಯಲ್ಲಿ ರೋಗಿಯ ಪೀಠವು ಒಂದೇ ಇದ್ದು ಅದನ್ನು ಒಬ್ಬನೇ ಹಿಡಿದು ಕುಳಿತರೆ ಮಿಕ್ಕವರಿಗೆ ಕಾಯಿಲೆ ಬೀಳುವ ಹಕ್ಕೇ ಇರುವುದಿಲ್ಲ. ದಿನಕ್ಕೊಮ್ಮೆ ಆ ಪೀಠದಿಂದ ಎದ್ದು, “ನಿನಗೆ ಹೇಗಿದೆ?” ಎಂದು ಕೇಳಿ, ಉತ್ತರವು ಬರುವ ತನಕ ಕಾಯಬೇಕು. ಮೊದಲ ಉತ್ತರವು “ನನಗೇನಾಗಿದೆ?” ಎಂದೇ ಬರುವುದು. ಅದನ್ನು ನಂಬಬಾರದು.

ನನ್ನ ತರುಣಮಿತ್ರರಿಗೆ ಹೇಳುವುದಿಷ್ಟು. ಬರೆಯಿರಿ, ಕದ್ದು ಬರೆಯಬೇಡಿ. ಇಂತಹ ಹೊತ್ತು ನನ್ನದು ಎಂದು ಮನೆಯವರೊಡನೆ ಕೂಡಿ ಗೊತ್ತುಮಾಡಿಕೊಳ್ಳಿ. ನೋವು ಹೆಚ್ಚಿದ ದಿನ ಅದನ್ನು ಹೇಳಿ, ಬಿಟ್ಟುಬಿಡಿ. ಮಕ್ಕಳಿಗೆ ಕೊಡುವ ಹೊತ್ತಿನಲ್ಲಿ ಷಟ್ಪದಿಯ ಮಾತ್ರೆಯನ್ನು ಎಣಿಸಬೇಡಿ. ಕಾವ್ಯವು ತಡವಾದರೆ ಆಗಲಿ. ಸಾಹಿತ್ಯಕ್ಕೆ ಕಾಯುವ ಶಕ್ತಿಯಿದೆ. ಕಣ್ಣಿನ ನರಕ್ಕೆ ಅದಿಲ್ಲ.

ಈಗ ನಾನು ಬೆಳಗಿನ ಒಂದು ಗಂಟೆ ಬರೆಯುತ್ತೇನೆ. ಶುದ್ಧಪ್ರತಿಯನ್ನು ನಾನೇ ಮಾಡಿಕೊಳ್ಳುತ್ತೇನೆ. ನನ್ನ ಅಕ್ಷರವು ಅವಳದರಂತೆ ದುಂಡಗಿಲ್ಲ. ರಾತ್ರಿ ಒಂಬತ್ತು ಗಂಟೆಗೆ ಅವಳ ಎರಡೂ ಕಣ್ಣುಗಳಿಗೆ ಔಷಧಿಯ ಹನಿಯನ್ನು ನಾನು ಬಿಡುತ್ತೇನೆ. ಹನಿ ಬಿಟ್ಟ ಮೇಲೆ ಕೆಲವು ನಿಮಿಷ ಕಣ್ಣನ್ನು ಮುಚ್ಚಿಕೊಂಡಿರಬೇಕು. ಆ ಹೊತ್ತಿನಲ್ಲಿ ಅವಳು ದಿನದ ಸಂಗತಿಯನ್ನು ಹೇಳುತ್ತಾಳೆ, ನಾನು ಕೇಳುತ್ತೇನೆ. ಆಮೇಲೆ ನಾನು ಬರೆದ ಪದ್ಯವನ್ನು ಓದುತ್ತೇನೆ, ಅವಳು ಕೇಳುತ್ತಾಳೆ. ಮಾತ್ರೆಯು ಎಲ್ಲಿ ತಪ್ಪಿದೆಯೆಂಬುದನ್ನು ಅವಳ ಕಿವಿಯು ನನ್ನ ಬೆರಳಿಗಿಂತ ಬೇಗ ಹಿಡಿಯುತ್ತದೆ. ಕೆರೆಯ ಕಾವ್ಯವು ಇನ್ನೂ ಮುಗಿದಿಲ್ಲ.