ನಿರ್ದೋಷಿಯ ಹೆಸರು

ಮಗುವಿನ ಅಳಲಿಗೆ ಕಿವಿಗೊಡುವುದು ಸಮಾಜದ ಮೊದಲ ಕರ್ತವ್ಯ. ಆದರೆ ಕೇಳಿದ ದೂರೇ ತೀರ್ಪಾಗಬಹುದೇ?

ಮಕ್ಕಳ ಮೇಲೆ ದೌರ್ಜನ್ಯ ಎಸಗಿದರೆಂಬ ವರದಿಗೆ ಗುರಿಯಾದವರ ಕೇಂದ್ರ ಪಟ್ಟಿಯೊಂದನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1965ರಿಂದ ಕಾದಿರಿಸಿದೆ. ಶಿಶುಪಾಲನೆಗೆ ಪರವಾನಗಿ ನೀಡುವವರೂ ದತ್ತು ಕೊಡುವವರೂ ಅದನ್ನು ಪರಿಶೀಲಿಸುತ್ತಾರೆ. 2001ರಲ್ಲಿ ಅಲ್ಲಿನ ದಂಪತಿಗಳ ಮೇಲೆ ಮನೆಯ ಮಗಳೇ ಆರೋಪ ಹೊರಿಸಿದಳು. ಒಂದು ನ್ಯಾಯಾಲಯ ಅವರನ್ನು ನಿರ್ದೋಷಿಗಳೆಂದು ಸಾರಿತು; ಇನ್ನೊಂದು, ಆರೋಪ ನಿಜವಲ್ಲವೆಂದಿತು. ಆದರೂ ಹೆಸರುಗಳು ಪಟ್ಟಿಯಲ್ಲೇ ಉಳಿದವು. ಅವುಗಳನ್ನು ಪ್ರಶ್ನಿಸಲು ನ್ಯಾಯಯುತ ಮಾರ್ಗವಿಲ್ಲದಿರುವುದು ಸಂವಿಧಾನಕ್ಕೆ ವಿರುದ್ಧವೆಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. 2012ರಿಂದ ಸಾಕ್ಷ್ಯದ ತೂಕವುಳ್ಳ ವರದಿಗಳು ಮಾತ್ರ ಪಟ್ಟಿ ಸೇರುತ್ತವೆ. ಹೆಸರು ಸೇರಿದವರಿಗೆ ವಿಚಾರಣೆ ಕೋರುವ ಹಕ್ಕಿದೆ.

ಮಕ್ಕಳ ರಕ್ಷಣೆಗಾಗಿ ಕೆಲವರ ಮಾನ ಹೋದರೂ ಚಿಂತೆಯಿಲ್ಲ ಎನ್ನುವವರುಂಟು. ಈ ಮಾತಿನಲ್ಲಿ ಕರುಣೆಯಿದೆ, ವಿವೇಕ ಸಾಲದು. ಎಚ್ಚರಿಕೆ ಬೇರೆ, ತೀರ್ಪು ಬೇರೆ. ಸಂಶಯ ಮೂಡಿದೊಡನೆ ಮಗುವನ್ನು ಕಾಪಾಡುವುದು ಎಚ್ಚರಿಕೆ. ಸಂಶಯ ಅಳಿದ ಮೇಲೂ ಕಳಂಕವನ್ನು ಉಳಿಸುವುದು ವಿಚಾರಣೆಯಿಲ್ಲದ ಶಿಕ್ಷೆ. ಆ ಶಿಕ್ಷೆಯ ಪಾಲು ಆರೋಪಿತರ ಮಕ್ಕಳಿಗೂ ತಪ್ಪದು. ಮೇಲಾಗಿ, ನಿರ್ದೋಷಿಗಳೂ ಅಪರಾಧಿಗಳೂ ಬೆರೆತ ಪಟ್ಟಿಯ ಎಚ್ಚರಿಕೆಯನ್ನು ಯಾರು ತಾನೇ ನಂಬಿಯಾರು?

ದೂರಿದ ಮಗುವಿಗೂ ದೂರಿಗೆ ಗುರಿಯಾದವರಿಗೂ ಸಲ್ಲಬೇಕಾದುದು ಒಂದೇ, ಸತ್ಯದ ಪ್ರಾಮಾಣಿಕ ಶೋಧ. ಹೆಸರು ಬರೆದಿಡುವ ಅಧಿಕಾರವಿದ್ದಲ್ಲಿ ತಪ್ಪಾಗಿ ಬರೆದುದನ್ನು ಅಳಿಸುವ ಹೊಣೆಯೂ ಇರಲೇಬೇಕು.