ಅರಿತು ಮಾಡಿದ ದೋಷ

ಅರಿಯದೆ ಮಾಡಿದ ದೋಷಕ್ಕೂ ಅರಿತು ಮಾಡಿದ ದೋಷಕ್ಕೂ ನಮ್ಮ ಧರ್ಮಶಾಸ್ತ್ರಕಾರರು ಭೇದವನ್ನೆಣಿಸಿ, ಮೊದಲನೆಯದಕ್ಕೆ ಲಘುವಾದ ಪ್ರಾಯಶ್ಚಿತ್ತವನ್ನೂ ಎರಡನೆಯದಕ್ಕೆ ಗುರುವಾದುದನ್ನೂ ವಿಧಿಸಿರುವರು. ಈ ಹಳೆಯ ವಿವೇಕವು ಇಂದಿನ ಕಾರ್ಖಾನೆಗಳಿಗೂ ಸಲ್ಲುವುದೆಂಬುದನ್ನು ವಾಚಕರಲ್ಲಿ ಅರಿಕೆಮಾಡಬಯಸುವೆನು.

ಸರಕೆಲ್ಲವೂ ಸಿದ್ಧವಾದ ಬಳಿಕ ಕೆಲವನ್ನು ಆರಿಸಿ ಪರೀಕ್ಷಿಸುವುದು ಹಿಂದಿನ ವಾಡಿಕೆ. 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ಎಂಬ ವಿದ್ವಾಂಸರು, ತಯಾರಿಕೆಯು ನಡೆಯುತ್ತಿರುವಾಗಲೇ ಅಳತೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಸಹಜವಾದ ಏರಿಳಿತವಾವುದು, ಕಾರಣವನ್ನು ಹುಡುಕಬೇಕಾದ ವಿಕಾರವಾವುದು ಎಂದು ವಿಂಗಡಿಸುವ ಮಾರ್ಗವನ್ನು ತೋರಿಸಿದರು. ಅದೇ ವರ್ಷ ಜಪಾನಿನ ಸಾಕಿಚಿ ಟೊಯೊಡ ಅವರು ಸಿದ್ಧಪಡಿಸಿದ ಮಗ್ಗವು, ನೂಲು ಹರಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು.

ಇಂದು ಆ ಎರಡು ಉಪಾಯಗಳೂ ಒಂದುಗೂಡಿವೆ. ಔಷಧದ ಮಾತ್ರೆಗಳನ್ನು ಒತ್ತುವ ಯಂತ್ರವನ್ನೇ ನೋಡಿರಿ. ಒಂದೊಂದು ಮಾತ್ರೆಯ ಮೇಲೆ ಬಿದ್ದ ಒತ್ತಡವನ್ನು ಸಂವೇದಕಗಳು ಅಳೆಯುವುವು. ಕೋಣೆಯ ಶಾಖವನ್ನೂ ತೇವವನ್ನೂ ಬೇರೆ ಸಂವೇದಕಗಳು ಗಮನಿಸುವುವು. ಇವೆಲ್ಲವೂ ಪರಸ್ಪರ ಜೋಡಣೆಗೊಂಡು ಕ್ಷಣಕ್ಷಣದ ಸಮಾಚಾರವನ್ನು ಕಂಪ್ಯೂಟರಿಗೆ ಮುಟ್ಟಿಸುವುವು. ಮಿತಿಮೀರಿದ ಮಾತ್ರೆಯು ಒಡನೆಯೇ ಹೊರತಳ್ಳಲ್ಪಡುವುದು.

ಇದರಿಂದ ಮನುಷ್ಯನ ಹೊಣೆಯು ಕಡಮೆಯಾಯಿತೆಂದು ಕೆಲವರೆನ್ನುವರು. ನನಗೆ ತೋರುವುದು ಇದಕ್ಕೆ ವಿರುದ್ಧವಾದುದು. ಮಂಜನ್ನು ಹೊಗೆಯೆಂದು ಬಗೆದು ಬೆಟ್ಟದಲ್ಲಿ ಬೆಂಕಿಯನ್ನು ಊಹಿಸುವುದು ಭ್ರಾಂತಿಯೆಂದು ತರ್ಕವನ್ನು ಓದಿದ ಬಾಲಕನೂ ಬಲ್ಲನು. ಕಾಲಕ್ರಮದಲ್ಲಿ ಅಳತೆ ತಪ್ಪಿದ ಸಂವೇದಕವನ್ನು ನಂಬುವುದೂ ಅಂತಹುದೇ. ಸಾಕ್ಷಿಯನ್ನು ಆಗಾಗ ಪರೀಕ್ಷಿಸುವ ಕರ್ತವ್ಯವು ನಮ್ಮದಾಗಿಯೇ ಉಳಿಯಿತು.

ಇದಕ್ಕಿಂತಲೂ ಗುರುತರವಾದುದೊಂದುಂಟು. ಹಿಂದೆ ಕೆಟ್ಟ ಸರಕನ್ನು ಮಾರಿದ ಯಜಮಾನನು "ನನಗೆ ತಿಳಿಯದೆ ಹೋಯಿತು" ಎನ್ನಬಹುದಾಗಿತ್ತು. ಅನೇಕ ವೇಳೆ ಅದು ನಿಜವೂ ಆಗಿರುತ್ತಿತ್ತು. ಈಗ ಯಂತ್ರವು ತಿಳಿಸಿದೆ, ತಿಳಿಸಿದುದು ದಾಖಲೆಯಲ್ಲಿಯೂ ಇದೆ. ಆದರೂ ಸರಕು ಇಂದೇ ಹೊರಡಬೇಕೆಂಬ ಅವಸರದಿಂದ ಎಚ್ಚರಿಕೆಯನ್ನು ಅಡಗಿಸಿದಲ್ಲಿ, ಅಜ್ಞಾನದ ಆಶ್ರಯವು ಅವನಿಗೆ ದೊರೆಯದು. ಅಂತೆಯೇ, ಯಂತ್ರವನ್ನು ನಿಲ್ಲಿಸುವ ಅಧಿಕಾರವನ್ನು ಕೊಡದೆ ಕೆಲಸಗಾರನ ತಲೆಗೆ ಈ ದೋಷವನ್ನು ಕಟ್ಟುವುದೂ ಅನ್ಯಾಯವೇ ಸರಿ. ಅಧಿಕಾರವೆಲ್ಲಿಯೋ ಹೊಣೆಯೂ ಅಲ್ಲಿಯೇ.

ಜ್ವರದಿಂದ ಬಳಲುವ ಕೂಸಿಗೆ ಮಾತ್ರೆಯನ್ನು ನುಂಗಿಸುವ ತಾಯಿಯು ಅದನ್ನು ಪರೀಕ್ಷಿಸಲಾರಳು, ನಂಬಬಲ್ಲಳು, ಅಷ್ಟೆ. ಸಂವೇದಕವು ಆ ತಾಯಿಯನ್ನು ಕಾಣದು. ಕಾಣಬೇಕಾದವರು ನಾವು. ಅರಿವು ಹೆಚ್ಚಿದಷ್ಟೂ ಧರ್ಮದ ಭಾರವು ಹೆಚ್ಚುವುದಲ್ಲದೆ ಇಳಿಯದು.